ಏಳು ಮೊಳದ ಆಯಸ್ಸು

ನಮ್ಮತ್ತೆಯಂಥ ಪುಕ್ಕಲಿಯನ್ನು ಈ ಕಡಲ ದಂಡೆಯಲ್ಲಿ ನಾನು ಇನ್ನೊಬ್ಬಳನ್ನು ಕಂಡಿಲ್ಲ. ಸತ್ತವರ ಬಗ್ಗೆ ಹೀಗೆಲ್ಲ ಹೇಳಬಾರದು ಎನ್ನುವವರು ಎನ್ನಲಿ. ಆಕೆ ಬದುಕಿದ್ದಾಗ ತಾನೇ ನಗುತ್ತಾ ಒಪ್ಪಿಕೊಂಡ ಮಾತು ಇದು. ಗೋಡೆಗೆ ಮೊಳೆ ಹೊಡೆಯುವ ಮುಂಚೆ ದಿನ ನೋಡಬೇಕು. ಹೊಸಿಲು ತುಳಿಯಬಾರದು. ಒಲೆಯ ಕಟ್ಟೆಯ ಮೇಲೆ ಕೂರಬಾರದು. ಮಗು ಮುದ್ದಾಗಿದೆ ಎಂದು ಬಾಯಿಬಿಟ್ಟು ಅಂದರಂತೂ ಮುಗಿಯಿತು, ಕೇಳಿಸಿಕೊಂಡ ಯಾವುದೋ ದೆವ್ವ ಬಂದು ಎತ್ತಿಕೊಂಡು ಹೋಗುತ್ತದೆ. ನಾನು ಮದುವೆಯಾಗಿ ಬಂದ ಹೊಸತರಲ್ಲಿ, "ಅತ್ತೆ, ಈ ಮನೇಲಿ ಉಸಿರಾಡೋಕಾದ್ರೂ ಒಳ್ಳೆ ದಿನ ನೋಡ್ಬೇಕಾ?" ಎಂದು ಕೇಳಿ ಚೆನ್ನಾಗಿ ಬೈಸಿಕೊಂಡಿದ್ದೆ. ತಮಾಷೆಯೆಂದರೆ, ಅಷ್ಟು ಹೊತ್ತಿಗೆ ಆಕೆ ಕ್ರೈಸ್ತಳಾಗಿ ವರ್ಷಗಳೇ ಕಳೆದಿದ್ದವು.

ಆಕೆಗೆ ಹುಟ್ಟಿನಿಂದ ಹೆಸರೇ ಇರಲಿಲ್ಲ. ಆಗಿನ ಕಾಲದ ಹೆಣ್ಣಿಗೆ ಹೆಸರು ಯಾತಕ್ಕೆ? ಸಾಲ್ಗುಮಿ ಎಂಬ ಊರಿಂದ ಬಂದವಳಾದ್ದರಿಂದ ಸಾಲ್ಗುಮಿಯವಳು, ಮಗ ಹುಟ್ಟಿದ ಮೇಲೆ ಪುತ್ತುರಿಯ ಅವ್ವ. ದೀಕ್ಷಾಸ್ನಾನದ ದಿನ ಪಾದ್ರಿಗಳೇ ಶಿನ್‌ದೋಕ್ ಎಂದು ಹೆಸರಿಟ್ಟರು. ಮನೆಗೆ ಬರುವ ದಾರಿಯುದ್ದಕ್ಕೂ ಮರೆತುಹೋದೀತೆಂದು ತನ್ನ ಹೆಸರನ್ನು ತಾನೇ ಕೂಗಿಕೊಂಡು ಬಂದಳಂತೆ. ಆ ಹೆಸರಿನ ಮೇಲೆ ಆಕೆಗೆ ಬಹಳ ಪ್ರೀತಿ.

ಪುತ್ತುರಿ ಎಂದರೆ ನನ್ನ ಗಂಡ. ಗಟ್ಟಿಯಾಗಿ ಹಿಡಿದಿಟ್ಟುಕೊಂಡವನು ಎಂದು ಆ ಹೆಸರಿನ ಅರ್ಥ. ಅವನಿಗಿಂತ ಮುಂಚೆ ನಾಲ್ಕು ಮಕ್ಕಳು ಹುಟ್ಟಿ ನಾಲ್ಕೂ ಹೋಗಿದ್ದವು. ಐದನೆಯವನು ಹುಟ್ಟಿದಾಗ ಅತ್ತೆ ಅವನನ್ನು ನೋರುಮೋಕ್ ಗುಡ್ಡದ ಮೇಲಿದ್ದ ದೈವದಜ್ಜಿಗೆ ಮಾರಿಬಿಟ್ಟಳು. ಮಾರುವುದೆಂದರೆ ಕೊಟ್ಟುಬಿಡುವುದಲ್ಲ. ಏಳು ಮೊಳ ಬಿಳಿಯ ಹತ್ತಿಬಟ್ಟೆ ನೇಯ್ದು, ಅದರ ಮೇಲೆ ಮಗುವಿನ ಹೆಸರು, ಹುಟ್ಟಿದ ಗಳಿಗೆ ಬರೆಸಿ, ಅಜ್ಜಿಯ ಕೈಗೆ ಒಪ್ಪಿಸಬೇಕು. ಅಜ್ಜಿ ಅದನ್ನು ದೈವದ ಪೆಟ್ಟಿಗೆಯಲ್ಲಿ ಇಡುತ್ತಾಳೆ. ಅವತ್ತಿಂದ ಕೂಸು ಅವಳದು, ಕಣ್ಣಿಟ್ಟವರು ಮುಟ್ಟುವಂತಿಲ್ಲ. ಬಟ್ಟೆ ಎಷ್ಟು ಉದ್ದವೋ ಆಯಸ್ಸು ಅಷ್ಟು ಉದ್ದ. ವರ್ಷವರ್ಷ ಧಾನ್ಯ ಒಪ್ಪಿಸುತ್ತಿರಬೇಕು. ಬಟ್ಟೆ ಹರಿದರೆ, ಸುಟ್ಟರೆ, ತಿರುಗಿ ತಂದರೆ, ಮಗು ಉಳಿಯುವುದಿಲ್ಲ.

ಸತ್ತ ನಾಲ್ವರ ಹೆಸರನ್ನು ಆಕೆ ಮತ್ತೆ ಎತ್ತಲಿಲ್ಲ. ಎತ್ತಿದರೆ ಅವು ತಮ್ಮನನ್ನು ಕರೆದುಕೊಂಡು ಹೋಗಲು ಬರುತ್ತವೆಂದು ದೈವದಜ್ಜಿ ಹೇಳಿದ್ದಳು. ನನ್ನ ಗಂಡನಿಗೆ ತನ್ನ ಮುಂಚೆ ಯಾರೋ ಇದ್ದರೆಂಬುದು ಗೊತ್ತಿತ್ತು, ಎಷ್ಟು ಮಂದಿ, ಗಂಡೋ ಹೆಣ್ಣೋ, ಏನೂ ಗೊತ್ತಿರಲಿಲ್ಲ. ಆಮೇಲೆ ಒಂದು ವರ್ಷ ಮಾವ ಕಡಲಿಗೆ ಹೋದವರು ವಾಪಸ್ಸು ಬರಲಿಲ್ಲ. ಆ ವರ್ಷ ಧಾನ್ಯ ಒಪ್ಪಿಸುವುದು ತಡವಾಗಿತ್ತಂತೆ. "ಮಗನ್ನ ತಗೊಳ್ಳೋ ಬದಲು ಗಂಡನ್ನ ತಗೊಂಡಿದೆ, ಪುಣ್ಯ ಅನ್ಕೋ" ಎಂದಳಂತೆ ಅಜ್ಜಿ. ಇಂಥ ಪುಣ್ಯ ಶತ್ರುವಿಗೂ ಬೇಡ.

ಅತ್ತೆಯನ್ನು ಕ್ರೈಸ್ತ ಸಭೆಗೆ ಎಳೆದವಳು ಹ್ವಾಂಗ್ ಅವ್ವ. ತಲೆಯ ಮೇಲೆ ವೇದಪುಸ್ತಕಗಳ ಗಂಟು ಹೊತ್ತು ಊರೂರು ತಿರುಗುವ ವಿಧವೆ, ಬಾಯಿ ಬಲು ಜೋರು. ಅಂಗಳದಲ್ಲಿ ಮನೆದೈವದ ಮಡಕೆಗೆ ಅನ್ನವಿಟ್ಟು ಕೈಮುಗಿಯುತ್ತಿದ್ದ ಅತ್ತೆಯನ್ನು ಕಂಡು, "ನಮ್ಮ ದೇವ್ರಿಗೆ ಹಸಿವಿಲ್ಲ ಕಣವ್ವ, ಆ ಅನ್ನ ನೀನೇ ಉಣ್ಣು" ಎಂದಳಂತೆ. ಗಂಡ ಸತ್ತ ಮೇಲೆ ಅತ್ತೆ ನಕ್ಕದ್ದು ಅದೇ ಮೊದಲು. ಕೆಲವು ತಿಂಗಳಲ್ಲಿ ಆ ದೈವದ ಮಡಕೆ, ತೊಲೆಗೆ ಕಟ್ಟಿದ್ದ ಕಾಗದ, ಒಲೆಯ ಹಿಂದಿನ ನೀರಿನ ಬಟ್ಟಲು, ಎಲ್ಲ ಅಂಗಳದಲ್ಲಿ ರಾಶಿ ಹಾಕಿ ಬೆಂಕಿಯಿಟ್ಟಳು. ಈಗ ಬೀಳುತ್ತಾಳೆ, ಆಗ ಬೀಳುತ್ತಾಳೆ ಎಂದು ಊರಿಗೆ ಊರೇ ಬೇಲಿಯ ಮೇಲೆ ಕತ್ತು ಚಾಚಿ ನೋಡಿತಂತೆ. ಬೀಳಲಿಲ್ಲ. ಮೂರು ದಿನ ಜ್ವರ ಬಂದು ನಡುಗಿದಳು, ಅಷ್ಟೆ.

ಆದರೆ ಗುಡ್ಡದ ಮೇಲಿನ ಬಟ್ಟೆ ಹಾಗೇ ಉಳಿಯಿತು. ದೀಕ್ಷಾಸ್ನಾನಕ್ಕೆ ಮುಂಚಿನ ಪರೀಕ್ಷೆಯಲ್ಲಿ ಸಭೆಯ ಹಿರಿಯ ಪ್ಯೋನ್ ಕೇಳಿದರು: "ದೆವ್ವದ ಸಾಮಾನೆಲ್ಲ ಮನೆಯಿಂದ ಹೊರಗೆ ಹಾಕಿದ್ಯಾ?"

"ಮನೇಲಿ ಒಂದೂ ಇಲ್ಲ, ಹಿರಿಯರೇ."

ಮಾತು ನಿಜವೇ. ಮನೆಯಲ್ಲಿ ಇರಲಿಲ್ಲ.

ನಾನು ಈ ಮನೆಗೆ ಬಂದ ಮೇಲೆ ಕಂಡದ್ದು ಇಷ್ಟು. ಸಭೆಯ ಹೆಂಗಸರೆಲ್ಲ ಪ್ರತಿ ಹೊತ್ತೂ ಒಲೆಗಿಡುವ ಮುಂಚೆ ಒಂದು ಚಮಚ ಅಕ್ಕಿಯನ್ನೋ ನವಣೆಯನ್ನೋ ದೇವರ ಚೀಲಕ್ಕೆ ಹಾಕುತ್ತಾರೆ, ಭಾನುವಾರ ಅದನ್ನು ಸಭೆಗೆ ಒಯ್ಯುತ್ತಾರೆ. ನಮ್ಮತ್ತೆ ಎರಡು ಚಮಚ ತೆಗೆಯುತ್ತಿದ್ದಳು. ಒಂದು ಚೀಲ ಗೋಡೆಯ ಮೇಲೆ ಎದ್ದು ಕಾಣುವ ಹಾಗೆ ನೇತಾಡುತ್ತಿತ್ತು, ಇನ್ನೊಂದು ಉಪ್ಪಿನ ಜಾಡಿಯ ಹಿಂದೆ ಇರುತ್ತಿತ್ತು.

"ಎರಡನೇದು ಯಾರಿಗತ್ತೆ?"

"ಬಡವ್ರಿಗೆ."

"ನಮಗಿಂತ ಬಡವ್ರು ಯಾರಿದಾರೆ?"

"ಉಣ್ಣೋಕೆ ಬಂದೋಳು ಚಮಚ ಎಣಿಸ್ಬೇಡ" ಎಂದಳು. ಆದರೆ ಚಮಚದ ನವಣೆ ನೆಲಕ್ಕೆ ಚೆಲ್ಲಿತು. ಎರಡು ದೋಣಿಯ ಮೇಲೆ ಕಾಲಿಟ್ಟವರ ಗತಿ ಏನೆಂದು ಮೀನುಗಾರರ ಮನೆಯಲ್ಲಿ ಯಾರೂ ಹೇಳಿಕೊಡಬೇಕಾಗಿಲ್ಲ. ಹೇಳಿಕೊಡದಿದ್ದರೂ ಆಕೆ ಹಾಗೇ ನಿಂತಿದ್ದಳು, ವರ್ಷಗಟ್ಟಲೆ.

ನಾನು ಬಸುರಿಯಾಗಿದ್ದ ವಸಂತದಲ್ಲಿ ದೈವದಜ್ಜಿ ಸತ್ತಳು. ಗಂಡಸರೆಲ್ಲ ಹಂಗಾಮಿನ ಮೊದಲ ಮೀನಿಗೆ ಹೊರಟು ಎರಡು ದಿನವಾಗಿತ್ತು. ನನ್ನ ಗಂಡನೂ ಹೋಗಿದ್ದ. ಬಾವಿಯ ಹತ್ತಿರ ಸುದ್ದಿ ಕೇಳಿ ಬಂದ ಅತ್ತೆಯ ಮುಖ ಸುಣ್ಣದಂತಾಗಿತ್ತು. ಅಜ್ಜಿಯ ವಿದ್ಯೆ ಹಿಡಿದವರು ಯಾರೂ ಇಲ್ಲ, ಇದ್ದವನೊಬ್ಬ ಅಣ್ಣನ ಮಗ ಚುನ್‌ಸಾಮ್. ಪೆಟ್ಟಿಗೆಯ ಸಾಮಾನನ್ನೆಲ್ಲ ನಾಳೆ ಇಳಿತದ ಹೊತ್ತಿಗೆ ಕೆಸರುಬಯಲಲ್ಲಿ ಸುಡುತ್ತಾನಂತೆ.

ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಕುಸಿದು ಕೂತಳು. ಹೊಸಿಲ ಮೇಲೆಯೇ!

"ಕನ್ನಾನ್" ಎಂದು ನನ್ನನ್ನು ಕರೆದಳು, "ಸುಟ್ರೆ ಅವ್ನು ಸಾಯ್ತಾನೆ ಕಣೇ. ನೀರಿನ ಮೇಲಿದಾನೆ. ನಾಳೆ ಸುಟ್ರೆ ನಾಳೇನೇ ಸಾಯ್ತಾನೆ."

ಆಗ ಎಲ್ಲವನ್ನೂ ಹೇಳಿದಳು. ಬಟ್ಟೆ, ಚೀಲ, ಮಾವ ಸತ್ತ ವರ್ಷ. ನನಗೆ ಸಿಟ್ಟು ಬಂತು. ಭಾನುವಾರ ಮೊದಲ ಸಾಲಿನಲ್ಲಿ ಕೂತು ಹಾಡುವವಳು! ಬೈಯಲು ಬಾಯಿ ತೆರೆದೆ. ಆಕೆಯ ಹಲ್ಲು ಕಟಕಟ ಎನ್ನುತ್ತಿತ್ತು. ಇಬ್ಬರೂ ಗುಡ್ಡ ಹತ್ತಿದೆವು.

ಚುನ್‌ಸಾಮ್ ಬೆಳಿಗ್ಗೆಯೇ ಕುಡಿದು ಕೂತಿದ್ದ. "ಓಹೋಹೋ! ಯೇಸುವಿನ ಮನೆಯೋರು ದೆವ್ವದ ಮನೆಗೆ ದಯಮಾಡ್ಸಿದ್ರಲ್ಲ! ಹಾಸ್ಲಾ ಚಾಪೆ?"

"ಪುತ್ತುರೀ ಬಟ್ಟೆ ಕೊಡಪ್ಪ. ನಿನ್ನ ಕಾಲಿಗೆ ಬೀಳ್ತೀನಿ" ಎಂದಳು ಅತ್ತೆ.

"ಹುಡುಕ್ಕೋ. ನಿಮ್ಮ ಹಿರಿಯ ಪ್ಯೋನ್ ಮೊಮ್ಮಗಂದೂ ಅದ್ರಲ್ಲೇ ಇದೆ. ಅಜ್ಜಿ ಬದುಕಿದ್ರೆ ಇಲ್ಲೇ ಒಂದು ಸಭೆ ನಡೆಸ್ಬಹುದಿತ್ತು" ಎಂದು ಪೆಟ್ಟಿಗೆಯನ್ನು ಕಾಲಲ್ಲಿ ನೂಕಿದ.

ಓದು ಬರುತ್ತಿದ್ದವಳು ನಾನು, ಆದ್ದರಿಂದ ಹುಡುಕಬೇಕಾದವಳೂ ನಾನೇ. ಧೂಪದ ಕಮಟು, ಇಲಿಯ ಹಿಕ್ಕೆ, ಹಳದಿಗಟ್ಟಿದ ಬಟ್ಟೆಯ ಸುರುಳಿಗಳು. ಒಂದೊಂದರ ಮೇಲೂ ಒಂದೊಂದು ಕೂಸಿನ ಹೆಸರು. ನಾನು ಸಭೆಯ ಶಾಲೆಯಲ್ಲಿ ಕಲಿತವಳು, ಇದನ್ನೆಲ್ಲ ನಂಬುವವಳಲ್ಲ. ಆದರೂ ಒಂದು ಸುರುಳಿಯನ್ನೂ ಬೀಳಿಸದ ಹಾಗೆ, ಉಸಿರು ಬಿಗಿಹಿಡಿದು ಎತ್ತಿಟ್ಟೆ. ಕೊನೆಗೆ ಗಂಡನ ಹೆಸರು ಸಿಕ್ಕಿತು. ಬಿಚ್ಚಿದೆ.

ಒಳಗೆ ಇಲಿ ಗೂಡು ಮಾಡಿತ್ತು. ಬಟ್ಟೆಯ ನಡುಮಧ್ಯೆ ಒಂದು ಅಂಚಿಂದ ಇನ್ನೊಂದು ಅಂಚಿನವರೆಗೆ ಕಡಿದು, ಏಳು ಮೊಳ ಎರಡು ತುಂಡಾಗಿತ್ತು. ಗೂಡು ಹಳೆಯದು, ಒಣಗಿ ಪುಡಿಯಾಗುತ್ತಿತ್ತು.

ಅತ್ತೆ ಕಿರುಚಿದ ಸದ್ದಿಗೆ ಚುನ್‌ಸಾಮನ ಅಮಲೂ ಇಳಿಯಿತು.

"ಅತ್ತೆ, ನೋಡಿ ಇಲ್ಲಿ. ಇದು ಕಡಿದು ವರ್ಷಗಳೇ ಆಗಿವೆ. ನಿಮ್ಮ ಮಗ ಮೊನ್ನೆ ತಾನೆ ಮೂರು ಬಟ್ಟಲು ನವಣೆ ಉಂಡು ಹೋದ" ಎಂದೆ. ಎಂಥ ಒಳ್ಳೆಯ ಮಾತು ಹೇಳಿದೆನೆಂದು ನನಗೇ ಹೆಮ್ಮೆಯಾಯಿತು. ಹೆದರಿದವರಿಗೆ ಲೆಕ್ಕ ಹೇಳಿ ಏನು ಉಪಯೋಗ? ಆಕೆ ಎರಡು ತುಂಡನ್ನೂ ರವಿಕೆಯೊಳಗೆ ತುರುಕಿಕೊಂಡು ಗುಡ್ಡ ಇಳಿದಳು. ದಾರಿಯುದ್ದಕ್ಕೂ, "ಇಷ್ಟು ದಿನ ದೈವ ನೋಡಿರಲಿಲ್ಲ. ಈಗ ನೋಡ್ತು. ಈಗ ನೋಡ್ತು" ಎನ್ನುತ್ತಿದ್ದಳು.

ಮನೆಗೆ ಬಂದು ಅಂಗಳದಲ್ಲಿ ಕೂತಳು. ಬಟ್ಟೆಯನ್ನು ಒಳಗೆ ಒಯ್ಯಲು ಭಯ, ಕೆಳಗಿಡಲು ಭಯ. ಗಂಜಿ ಕೊಟ್ಟರೆ ಕುಡಿಯಲಿಲ್ಲ. ಕಡಲಾಚೆಯ ಊರಲ್ಲಿ ಇನ್ನೊಬ್ಬ ದೈವದವಳಿದ್ದಾಳಂತೆ, ಅವಳ ಹತ್ತಿರ ಬಟ್ಟೆಯನ್ನು ಹೊಲಿಸಿ ಮತ್ತೆ ಮಾರಬೇಕೆಂದಳು. ಸ್ವಲ್ಪ ಹೊತ್ತಿಗೆ, ಬೇಡ, ಕರ್ತನಾದ ಯೇಸು ನೋಡುತ್ತಿದ್ದಾನೆ ಎಂದಳು. ನನಗೆ ದಿಕ್ಕೇ ತೋಚದೆ ಹ್ವಾಂಗ್ ಅವ್ವನನ್ನು ಕರೆತಂದೆ. ಹೆಂಗಸರ ವೇದಪಾಠದ ವಾರವಾದ್ದರಿಂದ ಅವಳು ಸಭೆಯಲ್ಲೇ ಇಳಿದುಕೊಂಡಿದ್ದಳು.

ಅತ್ತೆ ತಲೆ ಎತ್ತಲಿಲ್ಲ. "ಸುಡು ಅಂತ ಹೇಳೋಕೆ ಬಂದ್ಯಾ?"

ಹ್ವಾಂಗ್ ಅವ್ವ ಬಟ್ಟೆಯ ಅಂಚನ್ನು ಬೆರಳಲ್ಲಿ ಉಜ್ಜಿ ನೋಡಿದಳು. "ಯಾಕೆ ಸುಡ್ತೀಯ? ಒಳ್ಳೆ ನೇಯ್ಗೆ. ಸೊಸೆ ಬಸುರಿ. ಕೂಸಿಗೆ ಕುಂಡಿಬಟ್ಟೆ ಮಾಡು."

"ನಿನ್ನ ಬಾಯಿಗೆ ಮಣ್ಣು ಹಾಕ!" ಎಂದು ಅತ್ತೆ ಬಟ್ಟೆಯನ್ನು ಅವಚಿಕೊಂಡಳು. ಆಮೇಲೆ ಒಮ್ಮೆಲೇ ಕಟ್ಟೆಯೊಡೆದಂತೆ ಮಾತು ಬಂತು. "ನಿಂಗೇನು ಗೊತ್ತು? ಇದನ್ನ ಹರಿದ್ರೆ ದೈವ ನನ್ನ ಮಗನ್ನ ತಗೊಳ್ಳುತ್ತೆ. ಇಟ್ಕೊಂಡ್ರೆ ನಿನ್ನ ಕರ್ತ ತಗೋತಾನೆ. ಮೊದ್ಲು ಒಬ್ರಿಗೆ ಹೆದರ್ತಿದ್ದೆ, ಈಗ ಇಬ್ರಿಗೆ. ನಾನೆಲ್ಲಿಗೆ ಹೋಗ್ಲಿ, ಹೇಳೇ! ಎಲ್ಲಿಗೆ ಹೋಗ್ಲಿ?"

ಅತ್ತ ದರಿ, ಇತ್ತ ಪುಲಿ. ಹ್ವಾಂಗ್ ಅವ್ವ ಅತ್ತೆಯ ಪಕ್ಕ ನೆಲದ ಮೇಲೆ ಕೂತಳು.

"ಆ ನಾಲ್ಕು ಮಕ್ಕಳು. ಯಾರು ತಗೊಂಡ್ರು ಅಂತೀಯ?"

"ನಾನೇ ಕೊಂದೆ."

ಅತ್ತೆ ಬೆರಳು ಮಡಿಸಿ ಎಣಿಸತೊಡಗಿದಳು.

"ಮೊದಲ್ನೇದು, ನಾನು ಬಸುರೀಲಿ ಹೆಣ ಹೋಗೋದು ನೋಡ್ದೆ. ಎರಡನೇದು, ಕೆಟ್ಟ ದಿನ ಗೋಡೆಗೆ ಮೊಳೆ ಹೊಡೆದೆ. ಮೂರನೇದು... ಎಷ್ಟು ಚೆಂದ ಇದ್ದ ಅಂದ್ರೆ, ಬಾಯಿಬಿಟ್ಟು ಅಂದ್ಬಿಟ್ಟೆ. ಕೊನೇದು ಯಾತಕ್ಕೆ ಅಂತ ಅಜ್ಜೀನೂ ಹೇಳ್ಲಿಲ್ಲ. ಏನೋ ಮಾಡಿರ್ಬೇಕು ನಾನು."

ಅದನ್ನು ಆಕೆ ಅಳದೆ, ಬೇರೆ ಯಾರದೋ ಕತೆಯ ಹಾಗೆ ಹೇಳಿದಳು. ಅದನ್ನೇ ನನ್ನಿಂದ ತಡೆದುಕೊಳ್ಳಲಾಗಲಿಲ್ಲ.

"ಮೊಳೆ ಹೊಡೆದ ವರ್ಷ ನಂಗೂ ನೆನಪಿದೆ. ಗಂಟಲು ಬೇನೆಯ ವರ್ಷ ಅದು, ನನ್ನ ಮಗಳೂ ಅದ್ರಲ್ಲೇ ಹೋದ್ಲು. ನಮ್ಮ ಗೋಡೇಲಿ ಮೊಳೆ ಇರ್ಲಿಲ್ಲ" ಎಂದಳು ಹ್ವಾಂಗ್ ಅವ್ವ. ಮೂಗು ಒರೆಸಿಕೊಂಡಳು. "ಶಿನ್‌ದೋಕ್, ನೀನು ದೇವ್ರನ್ನ ಬದಲಾಯಿಸ್ಲಿಲ್ಲ ಕಣೇ. ಆ ದೈವಾನೇ ಗುಡ್ಡದಿಂದ ಇಳಿಸಿ ಸಭೇಲಿ ತಂದು ಕೂರಿಸ್ದೆ, ಕರ್ತ ಅಂತ ಹೆಸರಿಟ್ಟೆ. ಒಂದು ಮೊಳೆಗೆ ಒಂದು ಕೂಸು ತಗೊಳ್ಳೋ ಅಂಥೋನು ಅಂತ ನಂಬ್ಕೊಂಡು ಅವ್ನ ಮುಂದೆ ಇಷ್ಟು ವರ್ಷ ಹಾಡ್ತಾ ಬಂದಿದೀಯ."

"ಪಾಪ ಅಂದ್ರೆ ಈ ಬಟ್ಟೆ ಅಲ್ವಾ?"

"ಬಟ್ಟೆ ಬಟ್ಟೇನೇ. ಆ ನಂಬಿಕೆ ಬಿಡು. ಅದೇ ಮಾನಸಾಂತರ, ಮನಸ್ಸು ತಿರುಗೋದು ಅಂದ್ರೆ. ಬೇರೆ ಏನೂ ಇಲ್ಲ."

"ಹೇಳೋಕೆ ಸುಲಭ. ನೀರಿನ ಮೇಲಿರೋನು ನನ್ನ ಮಗ, ನಿನ್ನ ಮಗ ಅಲ್ಲ."

"ಹೌದು, ನಿನ್ನ ಮಗ" ಎಂದು ಹ್ವಾಂಗ್ ಅವ್ವ ಎದ್ದು ಹೋದಳು. ಒಂದು ಪ್ರಾರ್ಥನೆಯನ್ನೂ ಮಾಡಲಿಲ್ಲ. ಎಂಥ ಕಲ್ಲೆದೆಯವಳು ಎಂದು ಆಗ ಬೈದುಕೊಂಡೆ.

ಮಾರನೆಯ ದಿನ ಕೆಸರುಬಯಲಿಂದ ಹೊಗೆ ಏಳುತ್ತಿದ್ದಾಗ ಅತ್ತೆ ನನ್ನನ್ನು ಕರೆದಳು. ಬಟ್ಟೆಯ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು, "ಗಟ್ಟಿಯಾಗಿ ಹಿಡ್ಕೋ" ಎಂದಳು. ತನ್ನ ಕಡೆಯ ಅಂಚನ್ನು ಹಲ್ಲಲ್ಲಿ ಕಚ್ಚಿ, ಎರಡೂ ಕೈಯಿಂದ ಎಳೆದಳು. ಬಟ್ಟೆ ಹರಿಯುವ ಸದ್ದಿಗೆ ಇಬ್ಬರೂ ಕಣ್ಣು ಮುಚ್ಚಿದೆವು. ಆಕೆ ತೆರೆದು ಮೊದಲು ನೋಡಿದ್ದು ಕಡಲನ್ನು. ಆಮೇಲೆ ಬೇಲಿಯ ಹತ್ತಿರ ಹೋಗಿ ವಾಂತಿ ಮಾಡಿದಳು. ಬಾಯಿ ತೊಳೆದು ಬಂದು ಇನ್ನೊಂದು ತುಂಡು ಹರಿದಳು. ನಾನು ಕೂಸಿಗೆಂದು ಮಡಿಸಿಟ್ಟೆ. ನಿಜ ಹೇಳಬೇಕೆಂದರೆ ಮುಟ್ಟಲು ನನಗೂ ಮೈ ಜುಮ್ಮೆಂದಿತು.

ದೋಣಿಗಳು ಬರಬೇಕಾದ ದಿನ ಬಂತು. ಉಳಿದವೆಲ್ಲ ಬಂದವು, ನಮ್ಮದು ಬರಲಿಲ್ಲ. ಹೊರಗಡಲಲ್ಲಿ ಮಂಜು ಕವಿದಿದೆ ಎಂದರು ಬಂದವರು. ಮರುದಿನವೂ ಬರಲಿಲ್ಲ. ಬಾವಿಯ ಹತ್ತಿರ ಹೆಂಗಸರು ನನ್ನನ್ನು ಕಂಡು ಮಾತು ನಿಲ್ಲಿಸಿದರು. ಬಟ್ಟೆ ತಂದದ್ದನ್ನು ಚುನ್‌ಸಾಮ್, ಹರಿದದ್ದನ್ನು ಬೇಲಿಯಾಚೆಯಿಂದ ಕಂಡವರು ಊರಿಗೆಲ್ಲ ಹಂಚಿದ್ದರು. ಒಬ್ಬ ಮುದುಕಿಯಂತೂ ಕೇಳುವ ಹಾಗೆಯೇ ಅಂದಳು: "ಮಗನ ಆಯಸ್ಸನ್ನ ಕೈಯಾರೆ ಹರಿದ್ಲಲ್ಲ, ಹಾಳಾದೋಳು."

ಮನೆಗೆ ಓಡಿ ಬಂದೆ. ನಂಬುವುದಿಲ್ಲ ನಂಬುವುದಿಲ್ಲ ಎನ್ನುತ್ತಿದ್ದ ನಾನೇ ಅತ್ತೆಯ ಕೈ ಹಿಡಿದು, "ಬನ್ನಿ, ಕಡಲಾಚೆ ಆ ದೈವದವಳ ಹತ್ರ ಹೋಗೋಣ. ತುಂಡುಗಳನ್ನ ಹೊಲಿಯೋಣ, ನಾನೇ ಹೊಲಿತೀನಿ" ಎಂದು ಗೋಗರೆದೆ. ಹೊಟ್ಟೆಯೊಳಗೆ ಕೂಸು ಒದೆಯುತ್ತಿತ್ತು. ನನಗೆ ಗಂಡ ಬೇಕಾಗಿತ್ತು, ಯಾವ ದೇವರು ಕೊಟ್ಟರೂ ಸರಿ.

ಅತ್ತೆಯ ತುಟಿ ಬೆಳ್ಳಗಿತ್ತು. ಆದರೆ ನನ್ನ ಕೈಯನ್ನು ಬಿಡಿಸಿಕೊಂಡು ನನ್ನ ಮುಖವನ್ನು ಎರಡೂ ಅಂಗೈಯಲ್ಲಿ ಹಿಡಿದಳು.

"ಕೇಳು ಹುಡುಗಿ. ಅವ್ನು ಬಂದ್ರೆ ಬರ್ತಾನೆ. ಬರ್ದೇ ಇದ್ರೆ, ನಾನು ಬಟ್ಟೆ ಹರಿದಿದ್ದಕ್ಕಲ್ಲ. ನೀನು ಹೊಸಿಲು ತುಳಿದಿದ್ದಕ್ಕಲ್ಲ. ಯಾರು ಹಾಗಂದ್ರೂ ನಂಬಬೇಡ. ರಾತ್ರಿ ಮಲಗಿದಾಗ ನಿಂಗೆ ನೀನೇ ಅಂದ್ಕೋತೀಯಲ್ಲ, ಅದನ್ನಂತೂ ನಂಬ್ಲೇಬೇಡ. ನಾನು ನಂಬ್ದೆ. ಬದುಕೆಲ್ಲ ಹಾಳಾಯ್ತು."

ನನ್ನನ್ನು ಎಳೆದುಕೊಂಡು ಸಭೆಗೆ ಹೋದಳು. ಪಾಠ ಮುಗಿದು ಪ್ರಾರ್ಥನೆ ಶುರುವಾಗುವುದರಲ್ಲಿತ್ತು. ನಮ್ಮಲ್ಲಿ ಎಲ್ಲರೂ ಒಟ್ಟಿಗೆ, ತಮ್ಮ ತಮ್ಮದನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಾರೆ. ಅಷ್ಟು ಗದ್ದಲದಲ್ಲಿ ಪಕ್ಕದವಳದೂ ಕೇಳುವುದಿಲ್ಲ, ಅದೇ ಒಂದು ಧೈರ್ಯ. ಮುಗಿಯಿತೆಂದು ಮುಂದೆ ಕೂತವರು ಗಂಟೆ ತಟ್ಟಿದರೆ ಎಲ್ಲರೂ ನಿಲ್ಲಿಸಬೇಕು. ಅತ್ತೆ ಚಾಪೆಯ ಮೇಲೆ ಮಂಡಿಯೂರಿ ಹಣೆಯನ್ನು ನೆಲಕ್ಕೆ ಒತ್ತಿದಳು. ಏನು ಹೇಳುತ್ತಿದ್ದಾಳೆಂದು ನನಗೆ ಕೇಳಲಿಲ್ಲ. ನಾನು ಗಂಡನ ಹೆಸರನ್ನು ಬಿಟ್ಟು ಬೇರೇನೂ ಹೇಳಲಿಲ್ಲ.

ಹ್ವಾಂಗ್ ಅವ್ವ ಗಂಟೆ ತಟ್ಟಿದಳು. ಎಲ್ಲರೂ ನಿಲ್ಲಿಸಿದರು. ಅತ್ತೆಗೆ ಕೇಳಿಸಲಿಲ್ಲ.

"ಓಕ್‌ಬುನ್" ಎನ್ನುತ್ತಿದ್ದಳು. "ಓಕ್‌ಬುನ್, ಚಾದೋಲ್, ಸುನ್ನಮ್. ಮತ್ತೆ ನೀನು, ಹೆಸರಿಡೋ ಮುಂಚೆ ಹೋದೋಳೇ. ನಾನು ನಿಮ್ಮನ್ನ ಕೊಲ್ಲಲಿಲ್ಲ. ನಾನು ನಿಮ್ಮವ್ವ. ಓಕ್‌ಬುನ್, ಚಾದೋಲ್..."

ಹ್ವಾಂಗ್ ಅವ್ವ ಮತ್ತೆ ಗಂಟೆಯ ಮೇಲೆ ಕೈಯಿಡಲಿಲ್ಲ. ಹಿರಿಯ ಪ್ಯೋನರ ಸೊಸೆ ಬಾಯಿಗೆ ಸೆರಗು ಒತ್ತಿಕೊಂಡು ಬಿಕ್ಕಿದಳು. ಸಾಲುಸಾಲು ಹೆಂಗಸರು, ಒಬ್ಬೊಬ್ಬರೂ ಮಣ್ಣಿಗೆ ಒಬ್ಬರನ್ನಾದರೂ ಕೊಟ್ಟವರು, ತಮ್ಮ ಮಕ್ಕಳ ಹೆಸರನ್ನು ಹೇಳತೊಡಗಿದರು.

ನನ್ನ ಗಂಡ ಮೂರನೆಯ ದಿನ ಬಂದ. ಚುಕ್ಕಾಣಿ ಮುರಿದು ಯಾವುದೋ ದ್ವೀಪಕ್ಕೆ ಬಡಿದಿದ್ದರಂತೆ. ಸಭೆಯವರು ದೇವರ ಬಹುಮಾನ ಎಂದರು. ಅತ್ತೆ ಅವರ ಮೇಲೆಯೇ ರೇಗಿದಳು: "ಬರ್ದಿದ್ರೆ ಶಿಕ್ಷೆ ಅಂತಿದ್ರಾ? ಹೋಗ್ರೇ, ನಿಮ್ಮನ್ನೂ ಗುಡ್ಡದ ಮೇಲೆ ಕೂರಿಸ್ತೀನಿ."

ಗಂಡನಿಗೆ ಬಂದರಿನಲ್ಲೇ ಯಾರೋ ಎಲ್ಲ ಹೇಳಿದ್ದರು. ಸಾರು ಬಡಿಸಿದೆ, ಉಣ್ಣಲಿಲ್ಲ. ಅವ್ವನ ಎದುರು ಕೂತು ಸಣ್ಣ ಹುಡುಗನ ಹಾಗೆ ಕೇಳಿದ: "ಅವ್ವ, ಓಕ್‌ಬುನ್ ಹೇಗಿದ್ಲು?"

ನಾನು ಹೆದರಿದೆ. ಇಷ್ಟು ವರ್ಷದಲ್ಲಿ ಆ ಮನೆಯೊಳಗೆ ಆ ಹೆಸರು ಬಂದದ್ದು ಅದೇ ಮೊದಲು. ಅತ್ತೆಯೂ ಅಭ್ಯಾಸಬಲದಿಂದ ಒಮ್ಮೆ ಬಾಗಿಲ ಕಡೆ ನೋಡಿದಳು. ಬಾಗಿಲಲ್ಲಿ ಯಾರೂ ಇರಲಿಲ್ಲ.

"ಕಚ್ತಿದ್ಲು ಕಣೋ" ಎಂದಳು. "ಹಾಲು ಕುಡಿಯೋವಾಗ ಕಚ್ಚೋಳು. ಬೈದ್ರೆ ನಗೋಳು. ಎಷ್ಟು ಮುದ್ದಾಗಿದ್ಲು ಅಂತೀಯ!"

ಅಷ್ಟು ಹೇಳಿ, ಎದೆಯ ಮೇಲೆ ಕೈಯಿಟ್ಟುಕೊಂಡು, ಅವತ್ತು ಬೆಳಿಗ್ಗೆ ತಾನೆ ಕೂಸು ಸತ್ತ ತಾಯಿಯಂತೆ ಅಳತೊಡಗಿದಳು. ನಾವಿಬ್ಬರೂ ಸಮಾಧಾನ ಮಾಡಲು ಹೋಗಲಿಲ್ಲ.